ಜಯದೇವಪ್ಪನವರ ಮಲೇಷ್ಯಾ ಭಾಗ

ಬನಶಂಕರಿ ಎರಡನೇ ಹಂತದ ನಮ್ಮ ಅಡ್ಡರಸ್ತೆಯಲ್ಲಿ ಮಲೇಷ್ಯಾ ದೇಶದ ಯೋಗಕ್ಷೇಮ ಯಾರಿಗಾದರೂ ಬೇಕಾದರೆ ಜಯದೇವಪ್ಪನವರನ್ನು ಕೇಳಬೇಕಿತ್ತು. ಅಲ್ಲಿ ಮಳೆ ಹೇಗಿದೆ, ತಾಳೆ ಎಣ್ಣೆಯ ದರ ಏರಿತೆ ಇಳಿಯಿತೆ, ಕರೆಂಟು ದುಬಾರಿಯಾಯಿತೆ, ಎಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಹಾಗೆಂದು ಅವರು ಮಲೇಷ್ಯಾ ನೋಡಿದವರಲ್ಲ. ಪಾಸ್‌ಪೋರ್ಟೇ ಇರಲಿಲ್ಲ. ಪೂರ್ವ ದಿಕ್ಕಿನಲ್ಲಿ ಅವರು ಕಂಡಿದ್ದ ಅತಿ ದೂರದ ಊರು ಕೋಲಾರ.

ಅವರಿಗೆ ಬೇಕಾಗಿದ್ದದ್ದು ಆ ದೇಶವೂ ಅಲ್ಲ, ಆ ದೇಶಕ್ಕೆ ಹೋಗಿ ನೆಲೆಸಿದ್ದ ತಂಗಿ. ಒಬ್ಬಳೇ ತಂಗಿ, ಕಮಲಾದೇವಿ, ಮನೆಯವರ ಬಾಯಲ್ಲಿ ಕಮಲಿ. ಅಣ್ಣ ತಂಗಿ ಮಾತು ಬಿಟ್ಟು ಬಹಳ ವರ್ಷಗಳಾಗಿದ್ದವು. ಮಾತು ಬಿಟ್ಟದ್ದು ಅಣ್ಣ. ಆ ಕಾರಣಕ್ಕೇ ಮೊದಲು ಮಾತಾಡಬೇಕಾದವಳು ತಂಗಿ ಎಂಬುದು ಅವರ ನ್ಯಾಯ. ಈ ನ್ಯಾಯವನ್ನು ಅವರ ಹೆಂಡತಿ ರುದ್ರಮ್ಮನವರು ಎಂದೂ ಒಪ್ಪಿದವರಲ್ಲ. ಹೆಸರಿಗೆ ತಕ್ಕ ಹಾಗೆ ಆಗಾಗ ಮೂರನೆಯ ಕಣ್ಣು ತೆರೆಯುತ್ತಿದ್ದರು, ಗಂಡ ಮಾತ್ರ ಭಸ್ಮವಾಗಲಿಲ್ಲ.

ಜಯದೇವಪ್ಪನವರು ಕೆಇಬಿಗೆ ಮೀಟರ್ ಓದುವವರಾಗಿ ಸೇರಿ, ಬಿಲ್ಲು ಬರೆಯುವ ವಿಭಾಗದಲ್ಲಿ ಮೇಲೇರಿ ನಿವೃತ್ತರಾದವರು. ಜೀವಮಾನವೆಲ್ಲ ಕರೆಂಟ್ ಅಕೌಂಟಿನಲ್ಲೇ ಕಳೆದವರು ಎಂದು ನಾನು ತಮಾಷೆ ಮಾಡಿದರೆ ಸೌಜನ್ಯಕ್ಕೆ ನಗುತ್ತಿದ್ದರು. ಜಯನಗರ, ಇಟ್ಟಮಡು, ಪದ್ಮನಾಭನಗರ ಎಲ್ಲ ಕಡೆ ಮನೆಮನೆ ಗೋಡೆಗೆ ಕಣ್ಣು ಹಚ್ಚಿ ನಿಂತು ನಿಂತು ಅವರಿಗೊಂದು ಅಭ್ಯಾಸ ಅಂಟಿಕೊಂಡಿತ್ತು. ಯೂನಿಟ್ಟು ಏರಿದ್ದರೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಬಿಸಿನೀರು ಹೆಚ್ಚು ಕಾಯುತ್ತಿದೆ. ಇಳಿದಿದ್ದರೆ ಯಜಮಾನರು ಯಾತ್ರೆಗೆ ಹೋಗಿದ್ದಾರೆ. ಒಂದೇ ಸಮ ಇದ್ದರೆ ಆ ಮನೆಯಲ್ಲಿ ಬಾಡಿಗೆಗಿರುವ ಬ್ರಹ್ಮಚಾರಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ. ಮನೆಯವರನ್ನು ಮಾತಾಡಿಸದೆ ಮನೆಯ ಸಮಾಚಾರ ತಿಳಿಯುವ ಈ ವಿದ್ಯೆ ಮುಂದೆ ಅವರ ಪ್ರಾಣ ಹಿಂಡಿತು.

ಜಗಳ ನಡೆದದ್ದು ತೊಂಬತ್ತಾರರಲ್ಲಿ. ತಿಪಟೂರಿನಿಂದ ಬಂದು ಕೊಬ್ಬರಿ ವ್ಯಾಪಾರ ಮಾಡಿ ಈ ಮನೆ ಕಟ್ಟಿಸಿದ್ದ ತಂದೆ ತೀರಿಕೊಂಡಿದ್ದರು. ಮನೆಯ ಖಾತೆ ಜಯದೇವಪ್ಪನವರ ಹೆಸರಿಗೆ ಬರಬೇಕಾದರೆ ತಂಗಿ ತನ್ನ ಹಕ್ಕು ಬಿಟ್ಟುಕೊಟ್ಟು ರುಜು ಹಾಕಬೇಕಿತ್ತು. ಆಗ ಕಮಲಿ ಗಂಡ ಮಗಳೊಂದಿಗೆ ಮೈಸೂರಿನಲ್ಲಿದ್ದಳು. ಗಂಡ ರಬ್ಬರ್ ಕೈಗವಸು ಮಾಡುವ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಗೌರಿ ಹಬ್ಬಕ್ಕೆ ಕೆಲವು ದಿನ ಇರುವಾಗ ಅವಳು ಬಂದಳು. ಊಟಕ್ಕೆ ಎಲೆ ಹಾಕುವ ಮೊದಲು ಅಣ್ಣ ಕಾಗದ ಮುಂದಿಟ್ಟರು.

"ಇದಕ್ಕೊಂದು ಸೈನ್ ಹಾಕಮ್ಮ ಕಮಲಿ."

"ಏನೋ ಅಣ್ಣ ಇದು?"

"ಹಕ್ಕು ಖುಲಾಸೆ. ಸುಮ್ನೆ ಫಾರ್ಮಾಲಿಟಿ."

ಕಮಲಿ ಕಾಗದ ಓದಿದಳು. "ಅಂದ್ರೆ ನಂಗೆ ಅಂತ ಒಂದ್ ಭಾಗ ಏನೂ ಇಲ್ವೇನೋ?"

"ನಗ್ತಾನೇ ಕೇಳಿದ್ಲು ಕಣ್ರೀ," ಎಂದು ರುದ್ರಮ್ಮನವರು ಇವತ್ತಿಗೂ ಹೇಳುತ್ತಾರೆ. "ಇವ್ರಿಗೆ ಆ ನಗು ಕಾಣಿಸ್ಲಿಲ್ಲ. ಭಾಗ ಅನ್ನೋದೊಂದೇ ಕೇಳಿಸ್ತು."

ಜಯದೇವಪ್ಪನವರು ಎದ್ದು ನಿಂತು ಹೇಳಿದ್ದು ಇಷ್ಟು: "ಭಾಗ ಕೇಳೋಳಿಗೆ ಇನ್ಮೇಲೆ ಬಾಗಿನ ಯಾಕೆ?"

ಬಾಗಿನವೆಂದರೆ ಗೌರಿ ಹಬ್ಬಕ್ಕೆ ತವರಿನವರು ಹೆಣ್ಣುಮಗಳಿಗೆ ಕೊಡುವುದು. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕನ್ನಡಿ, ಅರಿಶಿನ ಕುಂಕುಮ, ಹೀಗೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ಕೊಡುತ್ತಾರೆ. ತವರು ಇನ್ನೂ ಇದೆ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ರಸೀತಿ ಇಲ್ಲ. ಪದಗಳ ಜೊತೆ ಆಡಿಯೇ ಹೊಟ್ಟೆ ಹೊರೆಯುವ ನನ್ನಂಥವರು ಒಪ್ಪಬೇಕು, ಭಾಗ ಬಾಗಿನಗಳ ಆ ಶ್ಲೇಷೆ ಮೊದಲ ದರ್ಜೆಯದು. ಜಯದೇವಪ್ಪನವರು ಬದುಕಿನಲ್ಲಿ ಮಾಡಿದ್ದು ಅದೊಂದೇ ಶ್ಲೇಷೆ. ಅದಕ್ಕೆ ಯಾರೂ ನಗಲಿಲ್ಲ.

ಕಮಲಿ ತಕರಾರು ಮಾಡಲಿಲ್ಲ. ರುಜು ಹಾಕಿದಳು, ಪೆನ್ನಿನ ಮುಚ್ಚಳ ಹಾಕಿ ಕಾಗದದ ಮೇಲಿಟ್ಟಳು, ಊಟ ಮಾಡದೆ ಬಸ್ಸು ಹತ್ತಿದಳು. ಆ ವರ್ಷ ಹಬ್ಬಕ್ಕೆ ಅಣ್ಣನಿಂದ ಬಾಗಿನವಾಗಲಿ ದುಡ್ಡಾಗಲಿ ಹೋಗಲಿಲ್ಲ. ಮರುವರ್ಷದ ಹೊತ್ತಿಗೆ ಅಣ್ಣನ ಸಿಟ್ಟು ಇಳಿದಿತ್ತು, ಆದರೆ ಇಳಿದದ್ದನ್ನು ತಂಗಿಗೆ ತಿಳಿಸುವ ದಾರಿ ತಿಳಿಯಲಿಲ್ಲ. ಅದರ ಮುಂದಿನ ವರ್ಷಗಳಲ್ಲಿ ಯಾರಾದರೂ ಅವಳ ಹೆಸರೆತ್ತಿದರೆ ಅವರು ಎದ್ದು ಹೋಗುತ್ತಿದ್ದರು. ಸಿಟ್ಟೆಂದು ಜನ ತಿಳಿದರು. ನಿಜಕ್ಕೂ ಕಣ್ಣು ತುಂಬುತ್ತಿತ್ತು, ಅದನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ. ಒಂದು ಮದುವೆ ಮನೆಯಲ್ಲಿ ಹಾಗೆ ಎದ್ದು ಹೋಗುವಾಗ ಬೆನ್ನ ಹಿಂದೆ ಅವರ ಸೋದರಮಾವ ಕರಿಬಸವಯ್ಯನವರ ಮಾತು ಕಿವಿಗೆ ಬಿತ್ತು: "ಕಮಲಿ ಗಂಡಂಗೆ ಮಲೇಷ್ಯಾದಲ್ಲಿ ಕೆಲಸ ಆಯ್ತಂತೆ. ಮನೆ ಸಮೇತ ಹೊರಟ್ರು." ತಂಗಿಯ ಬಗ್ಗೆ ಅವರಿಗೆ ಸಿಕ್ಕ ಕೊನೆಯ ಸುದ್ದಿ ಅದೇ, ತೊಂಬತ್ತೊಂಬತ್ತರದು.

ನಿವೃತ್ತಿಯಾಗಿ ಕೈಯಲ್ಲಿ ಸ್ವಲ್ಪ ದುಡ್ಡೂ ಪೂರ್ತಿ ಹಗಲೂ ಉಳಿದ ಮೇಲೆ, ಎರಡು ಸಾವಿರದ ಐದರ ಸುಮಾರಿಗೆ, ನಮ್ಮಂಥವರೂ ಈಗ ಹೊರದೇಶದ ಷೇರು ಕೊಳ್ಳಬಹುದು ಎಂಬ ಸುದ್ದಿಯನ್ನು ಅವರು ಪೇಪರಿನಲ್ಲಿ ಓದಿದರು. ಮರುದಿನ ಜಯನಗರ ನಾಲ್ಕನೇ ಬ್ಲಾಕಿನ ಒಂದು ಷೇರು ಬ್ರೋಕರ್ ಆಫೀಸಿಗೆ ಹೋದರು. ಅಲ್ಲಿ ಕೂತಿದ್ದವನು ಮೌನೇಶ. ಸುರಪುರದ ಕಡೆಯ ಹುಡುಗ, ಬಿಟಿಎಂ ಲೇಔಟಿನಲ್ಲಿ ನಾಲ್ವರ ಜೊತೆ ರೂಮು ಮಾಡಿಕೊಂಡಿದ್ದ. ಹೆಸರು ಮೌನೇಶ ಎಂದು ಇಟ್ಟವರು ಅವನು ಮಾತು ಕಲಿಯುವ ತನಕ ಕಾಯಬೇಕಿತ್ತು.

"ಮಲೇಷ್ಯಾದ್ದು ಏನಾದ್ರೂ ಇದೆಯಾ?" ಎಂದರು ಜಯದೇವಪ್ಪ.

"ಟೂರೇನ್ರಿ ಸರ? ಅದು ಬಾಜೂ ಆಫೀಸ್ರಿ. ನಮ್ಮಲ್ಲಿ ಷೇರ್ ಅಷ್ಟ."

"ಷೇರೇ ಬೇಕು. ಮಲೇಷ್ಯಾದ್ದು."

"ಅಮೇರಿಕಾದ್ದು ತಗೊಳ್ರಿ, ಚೀನಾದ್ದು ತಗೊಳ್ರಿ, ಎಲ್ಲಾರೂ ಅದನ್ನ ತಗೊಳ್ಳಾಕತ್ತಾರ. ಮಲೇಷ್ಯಾ ಯಾಕ್ರಿ?"

"ಅಲ್ಲಿ ನಮ್ಮೋರಿದಾರೆ."

ಮೌನೇಶ ಕಂಪ್ಯೂಟರಿನಲ್ಲಿ ಹುಡುಕಿ ಒಂದನ್ನು ಹೊರತೆಗೆದ. "ಇದು ಇಟಿಎಫ್ ಅಂತ ನೋಡ್ರಿ. ಒಂದು ದೇಶದ್ದಷ್ಟ ಇರ್ತದ. ಅಲ್ಲಿ ದೊಡ್ಡ ದೊಡ್ಡ ಕಂಪನಿ ಷೇರೆಲ್ಲಾ ಸ್ವಲ್ಪ ಸ್ವಲ್ಪ ಕೂಡಿಸಿ ಒಂದ ಗಂಟು ಕಟ್ಟಿರ್ತಾರ. ನೀವು ಗಂಟಿನಾಗ ಒಂದು ತುಂಡು ತಗೊಂಡ್ರ ಎಲ್ಲಾದ್ರಾಗೂ ಪಾಲು ಬಂದಂಗ. ಆ ಕಂಪನಿಗೆ ಲಾಭ ಬಂದ್ರ ವರ್ಷಕ್ಕ ಎರಡು ಸಲ ನಿಮಗ ಡಿವಿಡೆಂಡ್ ಬರ್ತದ."

"ಬಾಗಿನದ ಮೊರ ಇದ್ದ ಹಾಗೆ," ಎಂದರು ಜಯದೇವಪ್ಪ, ತಮಗೆ ತಾವೇ.

"ಏನಂದ್ರಿ?"

"ಏನಿಲ್ಲ. ಅದರಲ್ಲಿ ಏನೇನಿದೆ ಹೇಳಿ."

"ಬ್ಯಾಂಕ್ ಅದಾವ್ರಿ. ಫೋನ್ ಕಂಪನಿ. ತಾಳಿ ಎಣ್ಣಿ. ಕರೆಂಟ್ ಕಂಪನಿ."

"ಕರೆಂಟ್ ಕಂಪನಿ ಇದೆಯಾ?" ಜಯದೇವಪ್ಪ ಕುರ್ಚಿಯಲ್ಲಿ ಮುಂದೆ ಸರಿದರು. "ಅಂದ್ರೆ ಅಲ್ಲಿ ಒಂದು ಮನೇಲಿ ಲೈಟ್ ಹಾಕಿದ್ರೆ ಅದರಲ್ಲಿ ನಂಗೆ ಇಲ್ಲಿ ಏನೋ ಒಂದು ಬರುತ್ತೆ."

"ಬರ್ತದ್ರಿ. ಆದ್ರ ಕಣ್ಣಿಗೆ ಕಾಣಂಗಿಲ್ಲ, ಅಷ್ಟು ಸಣ್ಣದು."

"ಕಾಣದೆ ಇದ್ರೂ ಪರವಾಗಿಲ್ಲ."

ಹೀಗೆ, ಭಾಗ ಕೇಳಿದಳೆಂದು ತಂಗಿಯನ್ನು ದೂರ ಮಾಡಿದವರು ತಂಗಿಯ ದೇಶದಲ್ಲಿ ಒಂದು ಭಾಗ ಕೊಂಡುಕೊಂಡರು.

ಮೊದಲ ಡಿವಿಡೆಂಡು ಬಂದ ದಿನ ಅವರು ಬ್ಯಾಂಕಿನಿಂದ ನೇರ ಅಡಿಗೆ ಮನೆಗೆ ಹೋದರು. "ಬಂತು," ಎಂದರು. ಯಾರದು ಏನು ಎಂದು ರುದ್ರಮ್ಮ ಕೇಳಿದ ಮೇಲೆ ಎಲ್ಲ ಬಿಡಿಸಿ ಹೇಳಿದರು. ಕಮಲಿ ದೀಪ ಹಾಕಿದ್ದು, ಫೋನು ಮಾಡಿದ್ದು, ಎಣ್ಣೆಯಲ್ಲಿ ಚಕ್ಕುಲಿ ಕರಿದದ್ದು, ಎಲ್ಲದರ ಒಂದು ಕಣ ಇದರಲ್ಲಿದೆ.

ರುದ್ರಮ್ಮ ಸೌಟು ಕೆಳಗಿಟ್ಟರು. "ತಂಗಿಗೆ ಹಬ್ಬದ ದುಡ್ಡು ಕಳ್ಸೋ ಅಣ್ಣಂದಿರನ್ನ ನೋಡಿದೀನಿ. ತಂಗಿ ಕರೆಂಟ್ ಬಿಲ್ಲಲ್ಲಿ ಕಮಿಷನ್ ಹೊಡಿಯೋ ಅಣ್ಣನ್ನ ಇವತ್ತೇ ನೋಡಿದ್ದು."

"ನಿಂಗೆ ಅರ್ಥ ಆಗಲ್ಲ."

"ಅಲ್ಲಿ ದುಡ್ಡಿಗೆ ಏನಂತಾರೆ?"

"ರಿಂಗಿಟ್."

"ಒಂದ್ ಸಲ ರಿಂಗ್ ಮಾಡಿದ್ರೆ ಮುಗಿಯೋದು. ಅದು ಬಿಟ್ಟು ರಿಂಗಿಟ್ ಎಣಿಸ್ತಾ ಕೂತ್ಕೊಳ್ಳಿ."

ಶ್ಲೇಷೆ ನನ್ನ ಸ್ವತ್ತು ಎಂದುಕೊಂಡಿದ್ದೆ. ನಮ್ಮ ರಸ್ತೆಯಲ್ಲಿ ಅದನ್ನು ಗಂಡ ಹೆಂಡತಿ ಪುಕ್ಕಟೆಯಾಗಿ ಹಂಚುತ್ತಿದ್ದರು.

ಆಮೇಲೆ ಜಯದೇವಪ್ಪನವರು ಮೌನೇಶನಿಂದ ಆ ಫಂಡಿನ ಹಿಂದಿನ ವರ್ಷಗಳ ಡಿವಿಡೆಂಡ್ ಪಟ್ಟಿ ತೆಗೆಸಿಕೊಂಡು ವರಾಂಡದಲ್ಲಿ ಕೂತು ಮೌಲ್ಯಮಾಪನ ಶುರು ಮಾಡಿದರು. ಮೌನೇಶನ ಪ್ರಕಾರ ಅದು ಸಾಧಾರಣ ದಾಖಲೆ. ಕೊಡುವುದು ಕಡಿಮೆ, ಒಂದು ಸಲ ಕೊಟ್ಟಷ್ಟು ಇನ್ನೊಂದು ಸಲ ಕೊಡುವುದಿಲ್ಲ, ಅಲ್ಲಿ ಖರ್ಚು ಕಳೆದು ಇಲ್ಲಿ ತೆರಿಗೆ ಕಳೆದರೆ ಉಳಿಯುವುದು ಕಾಫಿ ಪುಡಿಯ ದುಡ್ಡು. ಜಯದೇವಪ್ಪನವರು ನೋಡಿದ್ದು ಬೇರೆ. ತೊಂಬತ್ತೇಳು ತೊಂಬತ್ತೆಂಟರಲ್ಲಿ ಆ ಕಡೆಯ ದೇಶಗಳೆಲ್ಲ ಮುಗ್ಗರಿಸಿ ಡಿವಿಡೆಂಡು ಸೊರಗಿತ್ತು. ತೊಂಬತ್ತೊಂಬತ್ತರ ನಂತರ ನಿಧಾನವಾಗಿ ಚಿಗುರಿತ್ತು.

"ಕಮಲಿ ಹೋದ ಮೇಲೆ," ಎಂದು ನನಗೆ ಪಟ್ಟಿ ತೋರಿಸಿದರು. "ಅವಳ ಕಾಲ್ಗುಣ ಮೊದಲಿಂದ್ಲೂ ಹಾಗೇ. ಅವಳು ಹುಟ್ಟಿದ ವರ್ಷಾನೇ ನಮ್ಮಪ್ಪನ ಕೊಬ್ಬರಿ ಮಂಡಿ ಕೈ ಹತ್ತಿದ್ದು."

ಅರ್ಧ ವರ್ಷಕ್ಕೊಮ್ಮೆ ಬರುವ ಆ ಅಂಕಿಯನ್ನು ಅವರು ಮೀಟರಿನಂತೆ ಓದತೊಡಗಿದರು. ಸ್ವಲ್ಪ ಏರಿದರೆ ಫ್ರಿಜ್ಜು ದೊಡ್ಡದು ತಗೊಂಡಿರಬೇಕು. ಸ್ವಲ್ಪ ಇಳಿದರೆ ಮಳೆಗಾಲ, ಫ್ಯಾನು ಹಾಕಿಲ್ಲ. ಎರಡು ಸಾವಿರದ ಏಳರಲ್ಲಿ ಡಿವಿಡೆಂಡು ಹಿಂದೆಂದೂ ಇಲ್ಲದಷ್ಟು ಬಂತು. ಜಯದೇವಪ್ಪನವರು ಖುಷಿಪಡಲಿಲ್ಲ. ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ರುದ್ರಮ್ಮ ಒತ್ತಾಯಿಸಿದಾಗ ಬಾಯಿ ಬಿಟ್ಟರು.

"ಸಿರಿ ಮದುವೆ ಆಗಿದೆ."

ಸಿರಿ ಕಮಲಿಯ ಮಗಳು.

"ಯಾರು ಹೇಳಿದ್ರು?"

"ಹೇಳೋದೇನು? ಮನೆ ತುಂಬಾ ಸೀರಿಯಲ್ ಸೆಟ್ ಹಾಕ್ಸದೆ ಇಷ್ಟು ಏರಲ್ಲ. ಸೋದರಮಾವ ನಾನಿದೀನಿ ಅಂತಾನೂ ಅನ್ನಿಸ್ಲಿಲ್ಲ ಅವಳಿಗೆ. ಒಂದ್ ಪತ್ರಿಕೆ ಕಳಿಸ್ಬೋದಿತ್ತು."

ನಡೆಯದ ಮದುವೆಗೆ ಕರೆಯಲಿಲ್ಲವೆಂದು ಇಷ್ಟು ನೊಂದವರನ್ನು ನಾನು ಬೇರೆ ಕಂಡಿಲ್ಲ. ಆದರೂ ಮಾರನೆಯ ದಿನ ಅವರು ಜಯನಗರಕ್ಕೆ ಹೋಗಿ ಒಂದು ರೇಷ್ಮೆ ಸೀರೆ ತಂದು ಬೀರುವಿನಲ್ಲಿಟ್ಟರು.

ಎರಡು ಸಾವಿರದ ಒಂಬತ್ತರಲ್ಲಿ, ಲೋಕದ ಷೇರುಪೇಟೆಗಳೆಲ್ಲ ಕುಸಿದ ಮರುವರ್ಷ, ಡಿವಿಡೆಂಡು ಅರ್ಧಕ್ಕೂ ಕೆಳಗೆ ಬಿತ್ತು. ಜಯದೇವಪ್ಪನವರು ಪಟ್ಟಿ ಹಿಡಿದುಕೊಂಡು ಮೌನೇಶನ ಮುಂದೆ ಕೂತರು.

"ಯಾಕೆ ಹೀಗಾಯ್ತು?"

"ಎಲ್ಲಾ ಕಡೆ ಹಂಗ ಐತ್ರಿ ಸರ. ಯೀಲ್ಡ್ ಬಿದ್ದು ಹೋಗೇದ. ಮಾರಿಬಿಡ್ರಿ. ಇಲ್ಲಿದ ಯಾವುದಾದ್ರೂ ಒಳ್ಳೇದು ಕೊಡಿಸ್ತೀನಿ."

ಯೀಲ್ಡ್ ಎಂಬ ಪದಕ್ಕೆ ಫಲ ಕೊಡುವುದು ಎಂಬುದಲ್ಲದೆ ಮಣಿಯುವುದು ಎಂಬ ಅರ್ಥವೂ ಇದೆಯೆಂದು ನನ್ನ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಕಲಿಸಿದ್ದರು. ಎರಡನೆಯ ಅರ್ಥದಲ್ಲಿ ಜಯದೇವಪ್ಪನವರ ಯೀಲ್ಡು ಹದಿಮೂರು ವರ್ಷದಿಂದ ಸೊನ್ನೆ. ಅದೂ ಒಬ್ಬ ಸಿಸ್ಟರ್ ವಿಷಯದಲ್ಲೇ.

"ಅರ್ಧಕ್ಕೆ ಅರ್ಧ ಇಳೀಬೇಕಾದ್ರೆ," ಎಂದರು ಅವರು, "ಮನೆಗೆ ಬೀಗ ಹಾಕಿರ್ಬೇಕು. ಇಲ್ಲ ಮನೆಯಾಕೆ ಹಾಸಿಗೆ ಹಿಡಿದಿರ್ಬೇಕು. ನಾನು ಇಷ್ಟು ವರ್ಷ ನೋಡಿದೀನಿ."

"ಸರ, ಇದು ಇಡೀ ದೇಶದ್ದರಿ. ಒಂದ ಮನಿದಲ್ಲ."

"ಗೊತ್ತು." ಪಟ್ಟಿ ಮಡಿಸಿ ಜೇಬಿಗಿಟ್ಟರು. "ನಿಮಗೆ ತಂಗಿ ಇದಾರಾ ಮೌನೇಶ್?"

"ಅದಾಳ್ರಿ, ಊರಾಗ."

"ಮಾತಾಡ್ತೀರಾ?"

"ದಿನಾ ಆಕೀನ ಮಾತಾಡ್ತಾಳ್ರಿ. ನನಗೆಲ್ಲಿ ಬಿಡ್ತಾಳ."

ಜಯದೇವಪ್ಪ ಎದ್ದರು. ನಾಲ್ಕನೇ ಬ್ಲಾಕಿನಿಂದ ಮನೆಗೆ ಬರಲಿಲ್ಲ. ಆಟೋ ಹಿಡಿದು ಚಿಕ್ಕಲಸಂದ್ರಕ್ಕೆ ಕರಿಬಸವಯ್ಯನವರ ಮನೆಗೆ ಹೋದರು. ಮಾವನಿಗೆ ಎಂಬತ್ತು ದಾಟಿತ್ತು, ಕಿವಿ ಚುರುಕಾಗಿತ್ತು, ನಾಲಿಗೆ ಅದಕ್ಕಿಂತ ಚುರುಕು.

"ಕಮಲಿ ನಂಬರ್ ಕೊಡು ಮಾವ."

ಕರಿಬಸವಯ್ಯನವರು ಕನ್ನಡಕ ಮೇಲೆತ್ತಿ ಅಳಿಯನನ್ನು ನೋಡಿದರು. "ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ನೋ? ಬರ್ಕೋ." ನಂಬರು ಹೇಳಿದರು.

"ಇದರ ಮುಂದೆ ಏನು ಹಾಕ್ಬೇಕು? ಮಲೇಷ್ಯಾ ಕೋಡು?"

"ಯಾವ ಮಲೇಷ್ಯಾ?"

"ಕಮಲಿ ಇರೋ ಮಲೇಷ್ಯಾ."

"ಅವ್ರು ವಾಪಸ್ ಬಂದು ಮೂರ್ ವರ್ಷ ಆಯ್ತಲ್ಲೋ. ಅರೆಕೆರೆಲಿ ಮನೆ ಮಾಡ್ಕೊಂಡಿದಾರೆ. ಲೋಕಲ್ ಕಾಲು, ಒಂದ್ ರೂಪಾಯಿ."

ಜಯದೇವಪ್ಪನವರು ಬರೆದುಕೊಂಡ ನಂಬರನ್ನು ಇನ್ನೊಮ್ಮೆ ನೋಡಿದರು. "ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಯಾವತ್ತು ಕೇಳಿದ್ದೆ? ಅವಳ ಹೆಸರೆತ್ತಿದ್ರೆ ಚಪ್ಪಲಿ ಮೆಟ್ಕೊಂಡು ಹೊರಡೋನು. ಪ್ರತಿ ಗೌರಿಗೂ ಬಂದು ನನ್ನ ಕಾಲಿಗೆ ಬಿದ್ದು ಹೋಗ್ತಾಳೆ. ಅಣ್ಣ ಹೇಗಿದಾನೆ ಅಂತ ಕೇಳ್ತಾಳೆ. ನೀನೇ ಹೋಗ್ ನೋಡು ಅಂದ್ರೆ, ತವರಿನೋರು ಕರೀದೆ ಹೇಗೆ ಹೋಗ್ಲಿ ಮಾವ ಅಂತಾಳೆ. ಅವಳದೂ ತಪ್ಪಿಲ್ವಲ್ಲೋ."

ಹಾಗಾದರೆ ಈ ಮೂರು ವರ್ಷ ಕೌಲಾಲಂಪುರದಲ್ಲಿ ದೀಪ ಹಾಕಿದವರು, ಚಕ್ಕುಲಿ ಕರಿದವರು, ಸೀರಿಯಲ್ ಸೆಟ್ ಹಾಕಿಸಿ ಮದುವೆ ಮಾಡಿದವರು ಯಾರೋ. ಕಮಲಿ ಅರೆಕೆರೆಯಲ್ಲಿ ಕೂತು ಬೆಸ್ಕಾಂ ಬಿಲ್ಲು ಕಟ್ಟುತ್ತಿದ್ದಳು. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕನ್ನು ಬಲ್ಲವರು ಅದೂ ಒಂದು ಸಮುದ್ರವೇ ಎಂದು ವಾದಿಸಬಹುದು. ಆದರೆ ಜಯದೇವಪ್ಪನವರಿಗೆ ಆ ಸಮಾಧಾನ ಸಿಗಲಿಲ್ಲ. ತಂಗಿ ಕಡಲಾಚೆ ಇದ್ದಳೆಂದು ನಂಬಿದ್ದ ತನಕ ಅಗಲಿಕೆಯ ತಪ್ಪನ್ನು ಕಡಲಿನೊಡನೆ ಅವರು ಹಂಚಿಕೊಂಡಿದ್ದರು. ಈಗ ಪೂರ್ತಿ ಅವರೊಬ್ಬರ ಪಾಲಿಗೇ ಬಂತು. ಅವಳು ದೂರವಿದ್ದಾಗ ಇದ್ದ ಹಂಬಲ, ಹತ್ತಿರವಿದ್ದಾಳೆಂದು ತಿಳಿದ ಮೇಲೆ ತಡೆಯಲಾರದಷ್ಟಾಯಿತು. ಮನೆಗೆ ಬಂದು ಫೋನಿನ ಮುಂದೆ ಕೂತರು, ಎದ್ದರು, ಮತ್ತೆ ಕೂತರು. ನಂಬರು ಒತ್ತಲಿಲ್ಲ. ಫೋನಿನಲ್ಲಿ ಮೊದಲು ಏನು ಹೇಳುವುದು?

ಮೌನೇಶ ಅಷ್ಟರಲ್ಲಿ ತಾನೇ ಫೋನು ಮಾಡಿದ. "ಏನ್ ಮಾಡೂಣ್ರಿ ಸರ, ಮಾರಿಬಿಡ್ಲೇನ್ರಿ ಮಲೇಷ್ಯಾ?"

"ಬೇಡ, ಇರ್ಲಿ. ಅಲ್ಲಿ ಯಾರೋ ಪಾಪ, ಪರಿಚಯ ಇಲ್ಲದೋರು, ಇಷ್ಟು ದಿನ ದೀಪ ಹಚ್ಚಿದಾರೆ."

ಮೌನೇಶನಿಗೆ ಉತ್ತರ ಹೊಳೆಯಲಿಲ್ಲ. ಅವನು ಹೆಸರಿಗೆ ತಕ್ಕ ಹಾಗೆ ನಡೆದುಕೊಂಡದ್ದು ನನಗೆ ತಿಳಿದಂತೆ ಅದೊಂದೇ ಸಲ.

ಗೌರಿ ಹಬ್ಬದ ಹಿಂದಿನ ಭಾನುವಾರ ರುದ್ರಮ್ಮ ಕರಿಬಸವಯ್ಯನವರಿಂದ ವಿಳಾಸ ಕೇಳಿಕೊಂಡು, ಗಾಂಧಿ ಬಜಾರಿನಿಂದ ಹೊಸ ಮೊರ ತಂದು ತುಂಬಿದರು. ಬೀರುವಿನ ರೇಷ್ಮೆ ಸೀರೆಯನ್ನು ಜಯದೇವಪ್ಪನವರೇ ತೆಗೆದುಕೊಟ್ಟರು. ಇಬ್ಬರೂ ಆಟೋ ಹತ್ತಿದರು. ಅರೆಕೆರೆಯಲ್ಲಿ ತಂಗಿಯ ಮನೆಯ ರಸ್ತೆಗೆ ತಿರುಗಿದಾಗ ಜಯದೇವಪ್ಪನವರು, "ನೀನು ಹೋಗಿ ಕೊಟ್ಟು ಬಾ, ನಾನು ಆಟೋದಲ್ಲೇ ಇರ್ತೀನಿ," ಎಂದರು.

"ವೆಯ್ಟಿಂಗ್ ಚಾರ್ಜ್ ಆಗತ್ತೆ ಸಾರ್," ಎಂದ ಆಟೋದವನು.

"ಇವ್ರದು ಹದಿಮೂರು ವರ್ಷದ್ದಿದೆ, ಸೇರಿಸ್ಕೊಳಪ್ಪ," ಎಂದು ರುದ್ರಮ್ಮ ಗಂಡನ ಕೈ ಹಿಡಿದು ಇಳಿಸಿದರು.

ಬಾಗಿಲು ತೆರೆದದ್ದು ಕನ್ನಡಕದ ಹುಡುಗಿ. ಕೈಯಲ್ಲಿ ಪುಸ್ತಕ, ಕೊರಳಲ್ಲಿ ತಾಳಿ ಇಲ್ಲ. "ಯಾರು ಬೇಕಿತ್ತು ಅಂಕಲ್?"

ಸಿರಿಯ ಸೋದರಮಾವ ಉತ್ತರ ಹುಡುಕುತ್ತಿರುವಾಗ ಹುಡುಗಿಯ ಹಿಂದೆ ಕಮಲಿ ಬಂದಳು. ಕೂದಲು ನೆರೆತಿತ್ತು, ತೂಕ ಇಳಿದಿತ್ತು. ಸೆರಗಿನಲ್ಲಿ ಕೈ ಒರೆಸುತ್ತಿದ್ದವಳು ಒರೆಸುತ್ತಲೇ ನಿಂತಳು.

"ಬನ್ನಿ," ಎಂದಳು. "ಒಳಗೆ ಬನ್ನಿ. ಕೂತ್ಕೊಳ್ಳಿ."

ಜಯದೇವಪ್ಪ ಕೂತರು. ಮಾತು ಕಲಿತಾಗಿನಿಂದ ಅವರನ್ನು ಬಾರೋ ಹೋಗೋ ಎನ್ನುತ್ತಿದ್ದ ತಂಗಿ ಬನ್ನಿ ಎಂದಿದ್ದಳು. ಬೈದಿದ್ದರೆ ಆಗುತ್ತಿತ್ತು. ಬಾಗಿಲು ಹಾಕಿಕೊಂಡಿದ್ದರೂ ಅದು ತಂಗಿ ಹಾಕಿದ ಬಾಗಿಲಾಗುತ್ತಿತ್ತು. ನೀವು ಎಂದು ಮರ್ಯಾದೆ ಕೊಟ್ಟಳು, ಬ್ಯಾಂಕಿನವರಿಗೆ, ಗ್ಯಾಸಿನವರಿಗೆ ಕೊಡುವ ಮರ್ಯಾದೆ. ಅವರು ನೆಲ ನೋಡುತ್ತ, "ಚೆನ್ನಾಗಿದೀಯಾ ಕಮಲಿ?" ಎಂದರು. "ಚೆನ್ನಾಗಿದೀವಿ. ನೀವು ಚೆನ್ನಾಗಿದೀರಾ?" ಎಂದಳು. ರುದ್ರಮ್ಮ ಮೊರ ಮುಂದೆ ಹಿಡಿದರು. ಕಮಲಿ ಸೆರಗು ಹೊದ್ದು ಎರಡು ಕೈಯಲ್ಲಿ ತೆಗೆದುಕೊಂಡಳು, ತಲೆ ಎತ್ತಲಿಲ್ಲ. ಅತ್ತಿಗೆ ನಾದಿನಿ ಇಬ್ಬರೂ ಅಡಿಗೆ ಮನೆಗೆ ಹೋದರು.

ನಡುಮನೆಯಲ್ಲಿ ಜಯದೇವಪ್ಪನವರೂ ಸಿರಿಯೂ ಉಳಿದರು. ಏನು ಓದುತ್ತಿದ್ದೀಯ ಎಂದು ಅವರು ಕೇಳಿದರು, ಅವಳು ಹೇಳಿದಳು. ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ, ಏಕೆಂದರೆ ಕಿವಿಯೆರಡೂ ಅಡಿಗೆ ಮನೆಯ ಬಾಗಿಲಲ್ಲಿದ್ದವು. ಹಾಲು ಉಕ್ಕುವ ಸದ್ದು, ಲೋಟದ ಸದ್ದು, ಅತ್ತಿಗೆಯದೋ ನಾದಿನಿಯದೋ ಮೂಗು ಒರೆಸುವ ಸದ್ದು. ಆಮೇಲೆ ಕಮಲಿಯ ದನಿ, ಮೆಲ್ಲಗೆ.

"ಯಾಕತ್ತಿಗೆ ಅವನು ಇಷ್ಟು ಸೊರಗಿದಾನೆ? ಸರಿಯಾಗ್ ತಿನ್ನಲ್ವಾ? ಅವನಿಗೆ ಸಕ್ಕರೆ ಹಾಕ್ಬಹುದಾ, ಇಲ್ಲ ಬಿಡ್ಸಿದಾರಾ?"

ಅವನು. ಅವನಿಗೆ.

ಕಾಫಿ ಬಂತು. "ತಗೊಳ್ಳಿ," ಎಂದು ಕಮಲಿ ಲೋಟ ಕೊಟ್ಟಳು. ಜಯದೇವಪ್ಪನವರು ಒಂದೇ ಉಸಿರಿಗೆ, ನಾಲಿಗೆ ಸುಟ್ಟುಕೊಂಡು, ಪೂರ್ತಿ ಕುಡಿದರು. ಮದುವೆಯಾದಾಗಿನಿಂದ ಅವರು ಎರಡನೇ ಲೋಟ ಕೇಳಿದ್ದನ್ನು ಕಂಡಿಲ್ಲ ಎನ್ನುತ್ತಾರೆ ರುದ್ರಮ್ಮ. ಅವತ್ತು ಖಾಲಿ ಲೋಟ ತಂಗಿಯ ಕಡೆ ಚಾಚಿದರು.

"ಇನ್ನೊಂದು ಲೋಟ ಸಿಗತ್ತಾ?"

ಕಮಲಿ ಲೋಟ ತೆಗೆದುಕೊಂಡು ಒಳಗೆ ಹೋದಳು, ಹಿಂದೆಯೇ ರುದ್ರಮ್ಮನೂ ಹೋದರು. ಜಯದೇವಪ್ಪನವರು ಕುರ್ಚಿಯನ್ನು ಅಡಿಗೆ ಮನೆಯ ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಕೂತರು.